ಬೀರೂರು ದಾಟುವ ತನಕ

ಕುರ್ಚಿಗಳು ಎಲ್ಲಿವೆ ಎಂಬುದು ವಿಶ್ವಾರಾಧ್ಯನಿಗೆ ಚೆನ್ನಾಗಿ ಗೊತ್ತಿತ್ತು. ಪಾತಾಳದಲ್ಲಿ.

ಅಂದರೆ ಗಾಡಿಯೊಳಗಿನ ಮಂಚದ ಕೆಳಗೆ, ಪೆಟ್ಟಿಗೆಯ ತಳದಲ್ಲಿ. ಪೆಟ್ಟಿಗೆಯ ಬಾಯಿಗೆ ಹಲಗೆ, ಹಲಗೆಯ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಡಬ್ಬಿಗಳ ಗಂಟು, ಅದರ ಮೇಲೆ ಪಾತ್ರೆಗಳ ಗಂಟು, ಗಂಟುಗಳಿಗೆಲ್ಲ ಬೆನ್ನು ಕೊಟ್ಟು ಅವ್ವ. ಕುರ್ಚಿ ತೆಗೆಯಬೇಕೆಂದರೆ ಮೊದಲು ಅವ್ವನನ್ನು ತೆಗೆಯಬೇಕು.

“ಅವ್ವಾ, ಒಂಚೂರು ಏಳು.”

“ಯಾಕಪ್ಪಾ?”

“ಕುರ್ಚಿ ತೆಗೀಬೇಕು.”

“ಕೂರಕ್ಕೆ ಕುರ್ಚಿನೇ ಆಗ್ಬೇಕಾ? ಹೊರಗೆ ಅಷ್ಟಗಲ ನೆಲ ಐತೆ.”

ಅವ್ವ ಕಮಲಾಕ್ಷಮ್ಮ ಅಲುಗಲಿಲ್ಲ. ಎದುರಿಗಿದ್ದ ಶಕುನಗಿರಿ ಬೆಟ್ಟವಾದರೂ ಒಂದು ದಿನ ಪಕ್ಕಕ್ಕೆ ಸರಿದೀತು, ಉಂಡು ಕೂತ ಮೇಲೆ ಅವ್ವ ಸರಿಯುವವಳಲ್ಲ.

ಹೊರಗೆ ಅಯ್ಯನಕೆರೆ ಬಿದ್ದುಕೊಂಡಿತ್ತು. ಅರಬ್ಬೀ ಸಮುದ್ರ ಅದರ ಮುಂದೆ ಕೈತೊಳೆಯುವ ಬೋಗುಣಿ. ನಿನ್ನೆ ಸಂಜೆ ಸಖರಾಯಪಟ್ಟಣ ದಾಟಿ ಬಂದು ದಡದಲ್ಲಿ ಗಾಡಿ ನಿಲ್ಲಿಸಿದಾಗಿನಿಂದ ಅದನ್ನು ಯಾರೂ ನೋಡಿರಲಿಲ್ಲ. ಹೆಂಡತಿ ಸಂಗೀತಾ ಅದರಲ್ಲಿ ಪಾತ್ರೆ ತೊಳೆದಿದ್ದಳು, ಬಟ್ಟೆ ಒಗೆದಿದ್ದಳು, ಬಕೀಟಿನಲ್ಲಿ ಅದನ್ನು ಹೊತ್ತು ತಂದಿದ್ದಳು. ನೋಡುವುದು ಬೇರೆ ವಿಷಯ.

ಅವನು ಸಿಟ್ಟಿನಿಂದ ಮೆಟ್ಟಿಲು ಬಿಟ್ಟು ಕೆಳಕ್ಕೆ ಜಿಗಿದ. ಜಿಗಿದ ಕೂಡಲೇ ಬೆನ್ನ ಹಿಂದೆ ಸಂಗೀತಾಳ ದನಿ.

“ರೀ, ಹತ್ತಿ.”

“ಯಾಕೆ?”

“ಗುಡಿಸ್ಬೇಕು.”

“ಗುಡಿಸು. ನಾನೇನು ಪೊರಕೆಗೆ ಅಡ್ಡ ಇದೀನಾ?”

“ಇಳಿದು ನಿಂತಿದ್ದೀರಲ್ಲ. ಹತ್ತಿ.”

ತೆಂಗಿನಕಡ್ಡಿಯ ಪೊರಕೆಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವನು ಹತ್ತುವವರೆಗೆ ಹಾಗೇ ನಿಲ್ಲುತ್ತಾಳೆ. ಕೆರೆ ಬತ್ತಿ, ಮತ್ತೆ ತುಂಬಿ, ಮತ್ತೆ ಬತ್ತಿದರೂ ನಿಲ್ಲುತ್ತಾಳೆ.

ಶಾಸ್ತ್ರ. ಮನೆಯಿಂದ ಯಾರಾದರೂ ಹೊರಟರೆ ಅವರ ಬೆನ್ನಿಗೇ ಕಸ ಗುಡಿಸಬಾರದು. ಬೆನ್ನಿಗೇ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ. ಅದೇ ರೀತಿ, ಹೊರಡುವವನು ‘ಹೋಗ್ತೀನಿ’ ಅನ್ನಬಾರದು, ‘ಹೋಗ್‌ಬತ್ತೀನಿ’ ಅನ್ನಬೇಕು. ಈ ಎರಡು ಗಡಿಗಳನ್ನು ಅವ್ವ ಸೈನ್ಯದಂತೆ ಕಾಯುತ್ತಿದ್ದಳು. ಸಂಗೀತಾ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯಿಂದ ಇದನ್ನು ಕಲಿತು, ಆಮೇಲೆ ಅತ್ತೆಯನ್ನೇ ಮೀರಿಸಿದಳು. ಕಡೂರಿನ ಮನೆಯಿಂದ ತರೀಕೆರೆಯ ಕಾಲೇಜಿಗೆ ಹೊರಟ ಗಂಡ ಎಲ್ಲಿಗೆ ಮುಟ್ಟಿದರೆ ಪೊರಕೆ ಹಿಡಿಯಬಹುದು? ಬೀರೂರು, ಎಂದು ಅವಳೇ ತೀರ್ಮಾನ ಮಾಡಿದಳು. ಬಸ್ಸು ಬೀರೂರು ದಾಟಿದ ಮೇಲೆ ಅವನು ಫೋನಿನಲ್ಲಿ ಒಂದು ಪದ ಕಳಿಸಬೇಕು: ‘ಬೀರೂರು’. ಆಗ ಮನೆಯಲ್ಲಿ ಪೊರಕೆ ಏಳುತ್ತಿತ್ತು. ಬಸ್ಸು ಕೆಟ್ಟು ನಿಂತ ದಿನ ಮಧ್ಯಾಹ್ನವಾದರೂ ಕಸ ಬಿದ್ದಿರುತ್ತಿತ್ತು.

ಅವನು ರಸಾಯನಶಾಸ್ತ್ರದ ಉಪನ್ಯಾಸಕ. ಈ ಶಾಸ್ತ್ರವನ್ನು ನೆನೆದು ಅವನು ನಕ್ಕ ನಗುವಿನಿಂದ ಬಸ್ಸಿನ ಗಾಜುಗಳು ಸಡಿಲವಾಗಿದ್ದವು. ಆದರೆ ಆ ಒಂದು ಪದ ಕಳಿಸುವುದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಮನೆಯೇ ಚಕ್ರದ ಮೇಲೆ ಹೊರಟರೆ ಏನು ಮಾಡಬೇಕೆಂದು ಶಾಸ್ತ್ರದಲ್ಲಿ ಹೇಳಿರಲಿಲ್ಲ. ಅವ್ವ ಹೇಳಿದಳು: ಎಲ್ಲರೂ ಒಳಗಿರುವಾಗಲೇ ಗುಡಿಸಬೇಕು, ಒಬ್ಬರು ಇಳಿದಿದ್ದರೂ ಪೊರಕೆ ಮುಟ್ಟಕೂಡದು.

“ಹತ್ತೋ ಮಾರಾಯ,” ಅವ್ವ ಒಳಗಿನಿಂದ ಕೂಗಿದಳು. “ಅವಳು ಎಷ್ಟೊತ್ತು ನಿಂತಿರ್ಬೇಕು?”

ಹತ್ತಿದ. ಮೂವರೂ ಆ ಡಬ್ಬದೊಳಗೆ ಸೇರಿದರು. ಸಂಗೀತಾ ಗುಡಿಸಿದಳು. ಪೊರಕೆ ಹತ್ತಿರ ಬಂದಾಗ ಅವ್ವ ಕಣ್ಣುಮುಚ್ಚಿಕೊಂಡೇ ಎರಡೂ ಕಾಲನ್ನು ಮೇಲಕ್ಕೆಳೆದುಕೊಂಡಳು. ವಿಶ್ವಾರಾಧ್ಯ ಧೂಳು ಕುಡಿಯುತ್ತಾ ನಿಂತ. ಎಂ.ಎಸ್ಸಿ., ಮೊದಲನೇ ದರ್ಜೆ.

ಅದನ್ನು ಕ್ಯಾರವಾನ್ ಎಂದು ಕರೆಯುವವನು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನಲ್ಲಿ ಅವನೊಬ್ಬನೇ. ಅವನ ಬೀದಿಯವರಿಗೆ ಅದು ‘ಮೇಷ್ಟ್ರ ಮನೆಬಸ್ಸು’. ಅವ್ವನಿಗೆ ‘ಡಬ್ಬ’. ಸಂಗೀತಾಳಿಗೆ ‘ನಿಮ್ಮ ಗಾಡಿ’. ಆ ‘ನಿಮ್ಮ’ ಎಂಬುದರಲ್ಲಿ ಇದ್ದ ದೂರವನ್ನು ಕ್ರಮಿಸಲು ಯಾವ ಗಾಡಿಗೂ ಡೀಸೆಲ್ ಸಾಲುವುದಿಲ್ಲ.

ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಹಿಡಿದು, ಬಾಡಿ ಕಟ್ಟುವವನ ತಲೆಯ ಮೇಲೆ ಒಂದು ಬೇಸಿಗೆ ರಜೆಯಿಡೀ ನಿಂತು, ಸ್ವತಃ ನಕ್ಷೆ ಬರೆದು ಮಾಡಿಸಿದ್ದ. ಮಡಚುವ ಮಂಚ, ಸಿಂಕು, ಗ್ಯಾಸಿನ ಒಲೆ, ತಲೆಯ ಮೇಲೆ ನೀರಿನ ಟ್ಯಾಂಕು, ಮೂಲೆಯಲ್ಲಿ ಉಸಿರು ಬಿಗಿಹಿಡಿದರೆ ಒಬ್ಬರು ಹಿಡಿಸುವ ಕಕ್ಕಸು. ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಆ ಗಾಡಿ ಲಡಾಖಿಗೆ ಹೋಗಿಬಂದಿತ್ತು. ಬ್ರಹ್ಮಪುತ್ರದ ದಡದಲ್ಲಿ ತಂಗಿತ್ತು. ರಾಜಸ್ಥಾನದಲ್ಲಿ ಒಂಟೆಗಳು ಅದಕ್ಕೆ ದಾರಿ ಬಿಟ್ಟಿದ್ದವು. ಡಾಂಬರಿನ ಮೇಲೆ ಮಾತ್ರ ಅದು ಆ ಕಡೆ ಅಮೃತಾಪುರ, ಈ ಕಡೆ ಅಜ್ಜಂಪುರ ದಾಟಿರಲಿಲ್ಲ. ಈ ಸಲ ಅಯ್ಯನಕೆರೆ. ಮಗಳು ಕೃತಿಕಾ ಒಂದೇ ಸಲ ಜೊತೆಗೆ ಬಂದವಳು, ಆಮೇಲೆ ದಾವಣಗೆರೆಯ ಹಾಸ್ಟೆಲಿನಲ್ಲಿ ಪ್ರತಿ ರಜೆಗೂ ಸರಿಯಾಗಿ ಪರೀಕ್ಷೆ ಇಟ್ಟುಕೊಳ್ಳುತ್ತಿದ್ದಳು.

ಹೊರಡುವ ಮುಂಚೆ ವಾರವಿಡೀ ತುಂಬುವುದು. ತುಂಬಿದ್ದು ಸದ್ದು ಮಾಡದಿರಲೆಂದು ಒಂದೊಂದು ಡಬ್ಬಿಗೂ ಹಳೇ ಪಂಚೆಯ ಚೂರು ಸುತ್ತುವುದು. ಸುತ್ತಿದರೂ ಊರಾಚೆಯ ಮೊದಲ ಹಂಪಿನಲ್ಲೇ ಉಪ್ಪಿನಕಾಯಿ ಜಾಡಿ ಬಾಯಿ ಬಿಡುವುದು. ನಿಲ್ಲಿಸುವುದು, ಒರೆಸುವುದು. ಸ್ಥಳ ಮುಟ್ಟಿದ ಮೇಲೆ ಇಳಿಸುವುದು, ಬಿಚ್ಚುವುದು, ಬೇಯಿಸುವುದು, ತೊಳೆಯುವುದು, ಮತ್ತೆ ಸುತ್ತುವುದು. ಮನೆಗೆ ಬಂದ ಮೇಲೆ ತೊಳೆದಿಟ್ಟದ್ದನ್ನೇ ಇಳಿಸಿ ಇನ್ನೊಮ್ಮೆ ತೊಳೆಯುವುದು, ಯಾಕೆಂದರೆ ಅದು ಹೊರಗೆ ತೊಳೆದದ್ದು. ಇದರ ನಡುವೆ ಎಲ್ಲೋ ಪ್ರವಾಸ ಇರಬೇಕು. ಅವನು ಹುಡುಕುತ್ತಲೇ ಇದ್ದ.

ನಕ್ಷೆ ಬರೆಯಲು ಕೂತ ದಿನ ಅವನು ಮೊದಲು ಬರೆದದ್ದು ಗಾಡಿಯನ್ನಲ್ಲ. ನೀರಿಗೆ ಮುಖಮಾಡಿದ ಎರಡು ಕುರ್ಚಿಗಳನ್ನು. ಆಮೇಲೆ ಅವುಗಳ ಹಿಂದೆ ಒಂದು ಗಾಡಿಯನ್ನು ಬರೆದ. ಕುರ್ಚಿಗಳೇ ಮುಖ್ಯವಾದ್ದರಿಂದ ಪೆಟ್ಟಿಗೆಯಲ್ಲೂ ಅವಕ್ಕೇ ಮೊದಲ ಜಾಗ ಕೊಟ್ಟ. ತಳದಲ್ಲಿ, ಅವುಗಳ ಅಳತೆಗೇ ಕೊರೆಸಿದ ಗೂಡು. ಅಲ್ಲೇ ಎಡವಟ್ಟಾಯಿತು. ಮೊದಲು ಇಟ್ಟದ್ದು ಕೊನೆಗೆ ಸಿಗುತ್ತದೆ ಎಂಬುದು ಅವನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಂದಿನವರೆಗೆ ಆ ಕುರ್ಚಿಗಳು ಬೆಳಕು ಕಂಡಿರಲಿಲ್ಲ. ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ.

ಅವನು ಬೇರೇನೂ ಕೇಳುತ್ತಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಒಂದು ಕುರ್ಚಿಯಲ್ಲಿ ತಾನು, ಪಕ್ಕದ ಕುರ್ಚಿಯಲ್ಲಿ ಸಂಗೀತಾ. ಅವಳ ಕೈಯಲ್ಲಿ ಒರೆಸುವ ಬಟ್ಟೆ ಇರಬಾರದು.

ಇವತ್ತು ಅದು ಆಗಲೇಬೇಕಿತ್ತು. ನಾಳೆಯಿಂದ ಕಾಲೇಜು. ಸಾಲದ್ದಕ್ಕೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಕನಕರಾಜು ಹೆಂಡತಿಯನ್ನು ಕರೆದುಕೊಂಡು ಸಂಜೆ ‘ಕ್ಯಾರವಾನ್ ಲೈಫ್’ ನೋಡಲು ಬರುತ್ತೇನೆಂದಿದ್ದ. ‘ಬನ್ನಿ, ಕುರ್ಚಿ ಹಾಕ್ಕೊಂಡು ಕೆರೆ ನೋಡ್ತಾ ಕೂತಿರ್ತೀವಿ’ ಎಂದು ಇವನೇ ಹೇಳಿದ್ದ.

“ಎಲ್ಲ ಇಳಿಸ್ತೀನಿ,” ಅಂದ.

ಸಂಗೀತಾ ಪೊರಕೆಯನ್ನು ಮೂಲೆಗೆ ಒರಗಿಸುತ್ತಿದ್ದಳು. “ಏನನ್ನ?”

“ಎಲ್ಲಾನೂ. ಕುರ್ಚಿ ತೆಗೆಯೋವರೆಗೂ.”

“ಬೆಳಿಗ್ಗೆಯಿಂದ ಸುತ್ತಿ ಸುತ್ತಿ ತುಂಬಿದೀನಿ ಕಣ್ರೀ. ಈಗ ಇಳಿಸಿದ್ರೆ ಮತ್ತೆ ಹತ್ತಿಸೋರು ಯಾರು?”

“ನಾನೇ.”

“ಹ್ಞೂಂ.”

ಅವಳ ‘ಹ್ಞೂಂ’ಗಳ ಮೇಲೆ ಅವನು ಪಿಎಚ್.ಡಿ. ಮಾಡಬಹುದಿತ್ತು. ಮೈಯೆಲ್ಲ ಉರಿದುಹೋಯಿತು. ಅವ್ವನ ರಟ್ಟೆ ಹಿಡಿದು ಎಬ್ಬಿಸಿ, ಮುಂದಿನ ಡ್ರೈವರ್ ಪಕ್ಕದ ಸೀಟಿಗೆ ತಂದು ಕೂರಿಸಿದ. “ನಾನೇನು ಸಾಮಾನೇನೋ?” ಎಂದಳು ಅವ್ವ. ಅವನು ಗಂಟುಗಳಿಗೆ ಕೈಹಾಕಿದ.

ಇಳಿಸಿದ. ರಾಗಿ ಹಿಟ್ಟಿನ ಡಬ್ಬ, ಅದರೊಳಗೆ ಸಕ್ಕರೆ ಡಬ್ಬಿ, ಅದರೊಳಗೆ ಏಲಕ್ಕಿ ಡಬ್ಬಿ. ಅದರೊಳಗೆ ಏನಿದೆಯೋ ನೋಡುವ ಧೈರ್ಯವಾಗಲಿಲ್ಲ. ಒಂದು ಮಠದ ದಾಸೋಹ ವರ್ಷವಿಡೀ ನಡೆಯುವಷ್ಟು ರೊಟ್ಟಿ, ಚಟ್ನಿಪುಡಿ, ಅವಲಕ್ಕಿ. ಕಡೂರಿನ ಸಂತೆಯನ್ನೇ ಮಂಡಕ್ಕಿಯಲ್ಲಿ ಮುಳುಗಿಸಬಲ್ಲ ಒಂದು ಸ್ಟೀಲ್ ಡಬ್ಬ. ಬಕೀಟಿನೊಳಗೆ ಬಕೀಟು. ನೆಲ ಒರೆಸುವ ಬಟ್ಟೆ, ಒಲೆ ಒರೆಸುವ ಬಟ್ಟೆ, ಒರೆಸುವ ಬಟ್ಟೆಗಳನ್ನು ಒಣಗಿಸುವ ಹಗ್ಗ. ಒಂದೊಂದನ್ನೂ ದಡದ ಹುಲ್ಲಿನ ಮೇಲೆ ಎಸೆಯುತ್ತಾ ಹೋದ. ಸಂಗೀತಾ ಎಸೆದದ್ದನ್ನು ಎತ್ತಿ, ಧೂಳು ಒರೆಸಿ, ಸಾಲಾಗಿ ಜೋಡಿಸುತ್ತಾ ಬಂದಳು. ಅವನು ಬೈದಿದ್ದರೆ ಆಗುತ್ತಿತ್ತು. ಅವಳು ಬೈದಿದ್ದರೂ ಆಗುತ್ತಿತ್ತು. ಆ ಒರೆಸುವ ಸದ್ದು ಮಾತ್ರ ಅವನ ಹಲ್ಲಿನೊಳಗೆ ಹೋಗಿ ಕೂರುತ್ತಿತ್ತು.

ಹಲಗೆ ಎತ್ತಿದ. ಕುರ್ಚಿಗಳು ಇದ್ದವು. ಪ್ಲಾಸ್ಟಿಕ್ಕಿನೊಳಗೆ ಮಡಚಿಕೊಂಡು, ಮಲಗಿದವರಂತೆ.

ಹೊರಗೆ ಕಾರಿನ ಹಾರನ್ ಕೇಳಿಸಿತು.

“ಏನ್ಸಾರ್ ಇದು!” ಕನಕರಾಜು ಇಳಿಯುವ ಮೊದಲೇ ಕೂಗಿದ. “ಮನೆ ಖಾಲಿ ಮಾಡಿಸ್ಬಿಟ್ರಾ? ಯಾರು ಸಾರ್ ಓನರ್ರು?”

ಹುಲ್ಲಿನ ಮೇಲೆ ಹರಡಿದ್ದ ಸಾಮಾನು ಅವನ ಕಣ್ಣಿಂದ ಕೆರೆಯನ್ನು ಪೂರ್ತಿ ಮರೆಮಾಡಿತ್ತು.

“ಏರ್ ಔಟ್ ಮಾಡ್ತಿದೀವಿ,” ಅಂದ ವಿಶ್ವಾರಾಧ್ಯ. “ಕ್ಯಾರವಾನಲ್ಲಿ ಇದೆಲ್ಲ ಮಾಡ್ಬೇಕಾಗುತ್ತೆ.”

ಕುರ್ಚಿಗಳ ಪ್ಲಾಸ್ಟಿಕ್ ಹರಿದು, ನೀರಿನ ಕಡೆ ಮುಖ ಮಾಡಿ ಬಿಡಿಸಿಟ್ಟ. ಕೂರುವ ಬಟ್ಟೆ ಹಸಿರು, ಹೊಚ್ಚ ಹೊಸದು. ತಿರುಗಿ ಸಂಗೀತಾಳ ಕಡೆ ನೋಡುವಷ್ಟರಲ್ಲಿ ಕನಕರಾಜು ಒಂದರಲ್ಲಿ ಕೂತಾಗಿತ್ತು. ಇನ್ನೊಂದರಲ್ಲಿ ಅವನ ಹೆಂಡತಿ ಹೇಮಶ್ರೀ. ಬಂದವರಿಗೆ ಕುರ್ಚಿ ಕೊಡದೆ ಇನ್ನೇನು ಮಾಡುವುದು? ಅವರು ಒಬ್ಬರ ಭುಜಕ್ಕೊಬ್ಬರು ವಾಲಿ ಸೆಲ್ಫಿ ತೆಗೆದುಕೊಂಡರು. ಅವನು ಗಾಡಿಗೆ ಒರಗಿ ನಿಂತ. ಸಂಗೀತಾ ಕಾಫಿಗೆ ಒಳಗೆ ಹೋದಳು. ಕಾಫಿಪುಡಿ ಹೊರಗಿತ್ತು, ಹೊರಗೆ ಬಂದಳು. ಸೋಸುವ ಬಟ್ಟೆ ಇನ್ಯಾವುದೋ ಗಂಟಿನಲ್ಲಿತ್ತು, ಹುಡುಕಿದಳು.

“ಕಕ್ಕಸಿಂದು ಎಲ್ಲಿಗೆ ಹೋಗುತ್ತೆ ಸಾರ್?” ಕನಕರಾಜು ಗಾಡಿಯ ಅಡಿಗೆ ಬಗ್ಗಿ ನೋಡಿದ.

“ಸಿಸ್ಟಂ ಇದೆ.”

ಆ ಸಿಸ್ಟಂ ಅವನೇ ಆಗಿದ್ದ. ಬೆಳ್ಳಂಬೆಳಿಗ್ಗೆ ಟ್ಯಾಂಕು ಹೊತ್ತು, ಯಾರೂ ನೋಡದ ಬೇಲಿಯ ಮರೆಯಲ್ಲಿ ಗುಂಡಿ ತೋಡಿ ಮುಚ್ಚಿ ಬರುವುದು ಮನೆಯಲ್ಲಿ ಅವನಿಗೆ ದಕ್ಕಿದ್ದ ಏಕೈಕ ಖಾತೆ.

ಕಾಫಿ ಬಂತು. ಹೇಮಶ್ರೀ ಲೋಟ ಹಿಡಿದು, “ಎಷ್ಟು ಆರಾಮಲ್ವಾ ಅಕ್ಕಾ!” ಎಂದಳು. “ನಾವೂ ಒಂದು ಮಾಡ್ಸೋಣ ಅಂತ ಇವ್ರಿಗೆ ಹೇಳ್ತಾನೇ ಇದೀನಿ.”

“ಮಾಡ್ಸಿ,” ಅಂದಳು ಸಂಗೀತಾ. “ಈಗ ಒಂದೇ ಅಡುಗೆಮನೆ ತೊಳೀತಿದೀರ. ಇದಿದ್ರೆ ಎರಡು.”

ಹೇಮಶ್ರೀ ನಕ್ಕಳು. ಅದು ತಮಾಷೆಯೇ ಆಗಿರಲೆಂದು ವಿಶ್ವಾರಾಧ್ಯ ಅವಳಿಗಿಂತ ಜೋರಾಗಿ ನಕ್ಕ. ಕೆರೆಯ ಆಚೆ ದಡದ ಕೊಕ್ಕರೆಗಳು ಎದ್ದುಹೋದವು.

“ಸಾರ್, ಆ ಲಡಾಖ್ ಫೋಟೋ ತೋರಿಸ್ತೀನಿ ಅಂದಿದ್ರಿ,” ಎಂದ ಕನಕರಾಜು.

“ಅದು ಹಳೇ ಫೋನಲ್ಲಿದೆ.”

“ಯಾವ ಲಡಾಖು?” ಸಂಗೀತಾ ಕೇಳಿದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ. ಗೊತ್ತಿಲ್ಲದೆ ಕೇಳಿದ್ದಳು.

“ಬೇಸಿಗೇಲಿ ಹೋಗಿದ್ರಲ್ಲಕ್ಕ, ಹಿಮದಲ್ಲಿ ಗಾಡಿ ಸಿಕ್ಕಾಕ್ಕೊಂಡು…”

“ಬೇಸಿಗೇಲಿ ಅಜ್ಜಂಪುರಕ್ಕೆ ಹೋಗಿದ್ವಿ. ನಮ್ಮಮ್ಮನ ಮನೆ ಮುಂದೆ ನಿಲ್ಲಿಸಿಕೊಂಡು ಗಾಡಿ ತೊಳೆದ್ವಿ.”

ಕನಕರಾಜು ಲೋಟದೊಳಗೆ ನೋಡಿದ. ಅವನ ಮೀಸೆಯ ತುದಿ ಅಲುಗುತ್ತಿತ್ತು. ನಾಳೆ ಬೆಳಿಗ್ಗೆ ಸ್ಟಾಫ್‌ರೂಮಿನ ಬಾಗಿಲು ತೆರೆಯುವ ಮುಂಚೆಯೇ ಆ ಮೀಸೆ ಅಲ್ಲಿಗೆ ತಲುಪಿರುತ್ತದೆ. ವಿಶ್ವಾರಾಧ್ಯನ ಕಿವಿಯಿಂದ ಹಬೆ ಏಳುತ್ತಿತ್ತು. ಆ ಬಿಸಿಗೆ ಇನ್ನೊಂದು ಸುತ್ತು ಕಾಫಿ ಕಾಯಿಸಬಹುದಿತ್ತು. ಯಾರನ್ನಾದರೂ ಈಗಲೇ ತನಗಿಂತ ಚಿಕ್ಕವರನ್ನಾಗಿ ಮಾಡಬೇಕು. ಕೈಗೆ ಹತ್ತಿರ ಇದ್ದವಳು ಒಬ್ಬಳೇ.

“ಕನಕರಾಜು, ನಿಮಗೊಂದು ವೈಜ್ಞಾನಿಕ ಸತ್ಯ ಹೇಳ್ತೀನಿ,” ಎಂದ. “ನನ್ನ ಆಯಸ್ಸು ಎಲ್ಲಿದೆ ಗೊತ್ತಾ? ಬೀರೂರಲ್ಲಿ!”

ಹೇಳಿದ. ಪೊರಕೆ, ಹೆಣ, ಬಸ್ಸು, ಮೆಸೇಜು. ಕೈಬಾಯಿ ತಿರುಗಿಸಿ, ಹೆಂಡತಿಯ ದನಿ ಮಾಡಿ ಹೇಳಿದ. ಫೋನ್ ತೆಗೆದು ಅವರ ಮುಖದ ಮುಂದೆ ಹಿಡಿದು ಬೆರಳಿಂದ ಮೇಲೆ ಮೇಲೆ ಸರಿಸಿದ. ಬೀರೂರು. ಬೀರೂರು. ಬೀರೂರು. ಅದರ ಕೆಳಗೆ ಪ್ರತಿ ದಿನವೂ ಅವಳ ‘ಹ್ಞೂಂ’. ಬೇರೆ ಒಂದು ಮಾತಿರಲಿಲ್ಲ. ಗಂಡಹೆಂಡಿರ ಮಾತುಕತೆಯೆಲ್ಲ ಇಷ್ಟೇ ಎಂಬುದು ತೋರಿಸುತ್ತಿದ್ದಾಗ ಅವನಿಗೂ ಕಂಡಿತು. ಆದರೆ ಕನಕರಾಜು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಿಲ್ಲಿಸಲಾಗಲಿಲ್ಲ.

“ಪ್ರಯೋಗ ಮಾಡೇಬಿಡೋಣ,” ಎಂದು ಗಾಡಿ ಹತ್ತಿದ. ಲೋಟ ಎತ್ತಿಕೊಂಡು ಒಳಗೆ ಬಂದಿದ್ದ ಸಂಗೀತಾಳ ಕೈಗೆ ಮೂಲೆಯ ಪೊರಕೆ ತುರುಕಿದ. “ನಾನು ಇಳೀತೀನಿ. ಇಳಿದ ತಕ್ಷಣ ಗುಡಿಸು. ಸಾಯ್ತೀನಾ ನೋಡೋಣ.”

ಇಳಿದ. ಎದೆಯುಬ್ಬಿಸಿ ನಿಂತ. “ಗುಡಿಸು!”

ಅವಳು ಒಂದು ಕೈಯಲ್ಲಿ ಎಂಜಲು ಲೋಟ, ಒಂದು ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದಳು.

“ಗುಡಿಸೇ! ಸೈನ್ಸ್ ಇದು.”

“ವಿಶ್ವಾ,” ಮುಂದಿನ ಸೀಟಿನಿಂದ ಅವ್ವ ಹೇಳಿದಳು. “ಬಿಡೋ. ಸಾಕು.”

ಹೇಮಶ್ರೀ ನಗು ನಿಲ್ಲಿಸಿ ಸೀರೆಯ ಅಂಚು ನೋಡತೊಡಗಿದಳು. ಸಂಗೀತಾ ಪೊರಕೆಯನ್ನು ಮೊದಲಿದ್ದ ಮೂಲೆಗೇ ಒರಗಿಸಿದಳು. ಅದು ಜಾರಿತು, ಮತ್ತೆ ಒರಗಿಸಿದಳು.

“ಲೋಟ ತೊಳೀಬೇಕು,” ಎಂದು ನೀರಿನ ಕಡೆ ಇಳಿದುಹೋದಳು.

ಕನಕರಾಜು ಕಾರು ತಿರುಗಿಸುತ್ತಾ ಕಿಟಕಿಯಿಂದ ತಲೆ ಹೊರಹಾಕಿದ. “ಬತ್ತೀವಿ ಸಾರ್. ಬೀರೂರು ದಾಟಿದ ಮೇಲೆ ಮೆಸೇಜ್ ಹಾಕ್ತೀನಿ!”

ಧೂಳು ಇಳಿಯಿತು. ಬಿಸಿಲು ಓರೆಯಾಗಿ ಶಕುನಗಿರಿಯ ನೆರಳು ನೀರಿಗೆ ಬಂದಿತ್ತು. ಈಗ ನೋಡಿದರೆ ಕೆರೆ ನಿಜವಾಗಿಯೂ ಚೆನ್ನಾಗಿತ್ತು. ಕುರ್ಚಿಗಳು ಖಾಲಿಯಾಗಿದ್ದವು. ಅವನಿಗೆ ಒಮ್ಮೆಗೇ ಎದೆ ಹಗುರಾಯಿತು. ಆಗಿದ್ದು ಆಗಿಹೋಯಿತು; ಇನ್ನೂ ಬೆಳಕಿದೆ.

ಸಂಗೀತಾ ಲೋಟಗಳನ್ನು ಮಗುಚಿಟ್ಟು ಬಂದಳು. ಒದ್ದೆ ಬಟ್ಟೆಯಿಂದ ಒಂದು ಕುರ್ಚಿಯನ್ನು ಒರೆಸಿದಳು. ಇನ್ನೊಂದನ್ನೂ ಒರೆಸಿದಳು. ಮಡಚಲು ಕೈ ಹಾಕಿದಳು.

“ಇರ್ಲಿ,” ಅಂದ. “ಬಾ, ಕೂತ್ಕೋ.”

“ಬಿಡಿ. ಇದು ಮೊದಲು ಹೋಗ್ಬೇಕು. ಇದು ಹೋಗ್ದೆ ಬೇರೆ ಯಾವ್ದೂ ತುಂಬಕ್ಕಾಗಲ್ಲ. ನೀವೇ ತಾನೆ ಹಂಗೆ ಮಾಡಿಸಿರೋದು?”

“ಹತ್ತು ನಿಮಿಷ.”

“ಕತ್ತಲಾಗುತ್ತೆ.”

“ಐದು ನಿಮಿಷ ಕೂತ್ಕೊಂಡ್ರೆ ಏನಾಗುತ್ತೆ ನಿಂಗೆ? ಒಂದ್ಸಲನಾದ್ರೂ, ನನ್ನ ಜೊತೆ…”

ಅವಳು ಅವನ ಮುಖವನ್ನು ನೋಡಿದಳು. ಬೆಳಗಿನಿಂದ ಅದೇ ಮೊದಲು. ಬಹುಶಃ ಆ ವರ್ಷದಲ್ಲೇ ಮೊದಲು.

“ಲಡಾಖಲ್ಲಿ ಕೂತಿದ್ವಲ್ಲ,” ಎಂದಳು.

ಅವನ ಕಾಲು ತಾನಾಗಿ ಎದ್ದಿತು. ಮಂಡಕ್ಕಿ ಡಬ್ಬಕ್ಕೆ ಬಿತ್ತು. ಮುಚ್ಚಳ ಹಾರಿ, ಡಬ್ಬ ಉರುಳಿ, ಅಯ್ಯನಕೆರೆಯ ದಡದ ಮೇಲೆ ಹಿಮ ಸುರಿಯಿತು. ಹುಲ್ಲಿನ ಮೇಲೆ, ಪಾತ್ರೆಗಳ ಮೇಲೆ, ಗಾಡಿಯ ಮೆಟ್ಟಿಲ ಮೇಲೆ, ತೆರೆದ ಬಾಗಿಲಿನ ಒಳಗೆ, ಮಧ್ಯಾಹ್ನವಷ್ಟೇ ಗುಡಿಸಿದ ನೆಲದ ಮೇಲೆ, ಎಲ್ಲೆಲ್ಲೂ ಬಿಳುಪು.

ಅವಳು ಬಗ್ಗಲೂ ಇಲ್ಲ, ಎತ್ತಲೂ ಇಲ್ಲ. ಎತ್ತಿದ್ದರೆ ಅವನು ಕ್ಷಮೆ ಕೇಳುತ್ತಿದ್ದನೇನೋ.

ಅವನು ಎರಡೂ ಕುರ್ಚಿಗಳನ್ನು ಮಡಚಿ ಎತ್ತಿಕೊಂಡ. ಒಂದೊಂದು ಕಂಕುಳಲ್ಲಿ ಒಂದೊಂದು.

“ಹೋಗ್ತೀನಿ,” ಅಂದ.

ಅಂದು, ನಿಂತ. ಈಗ ಮುಂದಿನ ಸೀಟಿನಿಂದ ಅವ್ವ ಕೂಗುತ್ತಾಳೆ. ಹುಟ್ಟಿದಾಗಿನಿಂದ ಕೂಗಿದ್ದಾಳೆ. ಅವನು ಸ್ಕೂಲಿಗೆ ಹೊರಟಾಗ, ಪರೀಕ್ಷೆಗೆ ಹೊರಟಾಗ, ಹೆಣ್ಣು ನೋಡಲು ಅಜ್ಜಂಪುರಕ್ಕೆ ಹೊರಟಾಗ ಕೂಡ, ‘ಹೋಗ್ತೀನಿ ಅನ್ಬಾರ್ದು ಕಣೋ, ಹೋಗ್‌ಬತ್ತೀನಿ ಅನ್ನು’ ಎಂದು ಬೀದಿಯ ಕೊನೆಯವರೆಗೆ ಕೂಗಿದ್ದಾಳೆ. ಅವ್ವ ತಪ್ಪಿದರೆ ಸಂಗೀತಾ. ಅವರಿಬ್ಬರಲ್ಲಿ ಒಬ್ಬರು ತಿದ್ದದೆ ಅವನು ಈ ಭೂಮಿಯ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ.

ಗಾಳಿಗೆ ಮಂಡಕ್ಕಿ ಸ್ವಲ್ಪ ಸರಿದಾಡಿತು.

ಅವನು ಇಳಿಜಾರಿನಲ್ಲಿ ನೀರಿನವರೆಗೆ ಹೋದ. ಕುರ್ಚಿಗಳನ್ನು ಬಿಡಿಸಿದ. ನಕ್ಷೆಯಲ್ಲಿ ಬರೆದಿದ್ದಂತೆ, ಅಷ್ಟೇ ಅಂತರದಲ್ಲಿ, ನೀರಿಗೆ ಮುಖಮಾಡಿ ಇಟ್ಟ. ಒಂದರಲ್ಲಿ ಕೂತ. ಒದ್ದೆಯಾಗಿತ್ತು, ಅವಳು ಒರೆಸಿದ್ದು ಇನ್ನೂ ಆರಿರಲಿಲ್ಲ. ತಣ್ಣಗೆ ಪ್ಯಾಂಟಿನೊಳಕ್ಕೆ ಇಳಿಯಿತು. ಬರುತ್ತಾಳೆ, ಎಂದುಕೊಂಡ. ಕುರ್ಚಿಗಾಗಿಯಾದರೂ ಬರಲೇಬೇಕು. ಕುರ್ಚಿ ಇಲ್ಲದೆ ಅವಳು ಏನನ್ನೂ ತುಂಬಲಾರಳು. ಅದೊಂದು ವಿಷಯದಲ್ಲಿ ಅವನ ನಕ್ಷೆ ಸರಿಯಾಗಿತ್ತು.

ನೀರು ನೋಡಿದ. ನೀರಿನಲ್ಲಿ ನೋಡುವಂಥದು ಏನೂ ಇರಲಿಲ್ಲ.

ಆಗ ಬೆನ್ನ ಹಿಂದೆ ಸದ್ದು ಶುರುವಾಯಿತು. ತೆಂಗಿನಕಡ್ಡಿ ಗಾಡಿಯ ತಗಡಿನ ನೆಲಕ್ಕೆ ಉಜ್ಜುವ ಸದ್ದು. ಅದು ಬೇರೆ ಏನೋ ಇರಬಹುದು ಎಂದುಕೊಂಡ. ಪಾತ್ರೆ ತಿಕ್ಕುತ್ತಿರಬಹುದು. ಗಂಟು ಎಳೆಯುತ್ತಿರಬಹುದು. ಆದರೆ ಆ ಸದ್ದನ್ನು ಅವನು ಸಾವಿರ ಮೈಲಿಯಿಂದಲೂ ಗುರುತಿಸಬಲ್ಲ. ಉದ್ದ ಎಳೆತ, ಗಿಡ್ಡ ಎಳೆತ, ಪೊರಕೆಯ ಬುಡವನ್ನು ಅಂಗೈಗೆ ಕುಟ್ಟುವುದು. ಮತ್ತೆ ಉದ್ದ ಎಳೆತ.

ಪೊರಕೆಗೂ ಮನುಷ್ಯನ ಆಯಸ್ಸಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಅವನು ಬೋರ್ಡಿನ ಮೇಲೆ ಬರೆದು ಸಾಧಿಸಬಲ್ಲ. ಕುತ್ತಿಗೆಯ ಹಿಂದೆ ಕೂದಲೆಲ್ಲ ಎದ್ದು ನಿಂತಿತ್ತು.

ಅವನು ಫೋನ್ ತೆಗೆದ. ಬೆರಳುಗಳು ಅಕ್ಷರ ತಪ್ಪಿದವು. ಅಳಿಸಿ ಮತ್ತೆ ಬರೆದ. ‘ಬೀರೂರು’. ಕಳಿಸಿದ.

ಗಾಡಿಯ ಒಳಗೆ, ಸಿಂಕಿನ ಪಕ್ಕ ಅವಳು ಯಾವಾಗಲೂ ಇಡುವ ಜಾಗದಲ್ಲಿ, ಫೋನ್ ಒಮ್ಮೆ ಟಿಣ್ ಎಂದದ್ದು ಇಲ್ಲಿಯವರೆಗೂ ಕೇಳಿಸಿತು.

ಪೊರಕೆ ನಿಂತಿತು.

ಅವನು ಕುರ್ಚಿಯ ಕೈ ಹಿಡಿದು ಕತ್ತು ತಿರುಗಿಸಿದ. ದಡದ ಮೇಲೆ ಚೆಲ್ಲಿದ ಸಾಮಾನಿನ ನಡುವೆ, ಇಷ್ಟೂ ಕಾಲ ತುಂಬಿ ತುಳುಕುತ್ತಿದ್ದ ಗಾಡಿ ಬಾಯಿ ತೆರೆದು ಖಾಲಿಯಾಗಿ ನಿಂತಿತ್ತು. ತೆರೆದ ಬಾಗಿಲೊಳಗಿನಿಂದ ಮುಂದಿನ ಸೀಟಿನವರೆಗೂ ಕಾಣುತ್ತಿತ್ತು. ಅವ್ವ ಕೂತಿದ್ದಳು. ಅವನ ಕಡೆಗೇ ಮುಖ. ನೋಡುತ್ತಿದ್ದಾಳೋ, ಕಣ್ಣು ಮುಚ್ಚಿದ್ದಾಳೋ ಇಷ್ಟು ದೂರಕ್ಕೆ ತಿಳಿಯಲಿಲ್ಲ.

ಮತ್ತೆ ಉದ್ದ ಎಳೆತ. ಬಾಗಿಲಿನಿಂದ ಬಿಳಿಯ ಮಂಡಕ್ಕಿ ಒಂದು ಹಿಡಿಯಷ್ಟು ಹೊರಕ್ಕೆ ಹಾರಿ ಮೆಟ್ಟಿಲ ಮೇಲೆ ಬಿತ್ತು.

ಪೊರಕೆ ತನ್ನ ಕಡೆ ಬರುತ್ತಿದ್ದಂತೆ ಅವ್ವ, ಅದಕ್ಕೆ ಅಡ್ಡವಾಗದಿರಲೆಂದು, ಎರಡೂ ಕಾಲನ್ನು ಮೆಲ್ಲಗೆ ಮೇಲಕ್ಕೆಳೆದುಕೊಂಡಳು.